ಉತ್ಪಾದನೆಯ ಉಪೇಂದ್ರರಾಯರು

ಪೀಣ್ಯದ ನಮ್ಮ ಕೈಪಂಪು ಕಾರ್ಖಾನೆಯಲ್ಲಿ ಉತ್ಪಾದನಾ ವಿಭಾಗದ ಉಪೇಂದ್ರರಾಯರ ಎದುರು ‘ಪ್ರೊಡಕ್ಷನ್’ ಎಂಬ ಪದವನ್ನು ಎಚ್ಚರವಿಲ್ಲದೆ ಉಚ್ಚರಿಸಿದವನು ಆ ದಿನದ ಊಟವನ್ನು ತಣ್ಣಗಾದ ಮೇಲೆ ಉಣ್ಣಲು ಸಿದ್ಧನಾಗಿರಬೇಕಾಗಿತ್ತು. ಅವರು ಕೋಪಿಸಿಕೊಳ್ಳುವವರಲ್ಲ, ದನಿಯನ್ನೇರಿಸುವವರೂ ಅಲ್ಲ. ನಡೆಯುತ್ತಿದ್ದವರು ಥಟ್ಟನೆ ನಿಂತು, ಎಡಗೈಯನ್ನು ಕೋಟಿನ ಜೇಬಿಗಿಳಿಸಿ, ಬಲಗಡೆಯ ಹುಬ್ಬನ್ನು ಮಾತ್ರ ಮೇಲೆತ್ತಿ, “ಅಂದರೆ?” ಎನ್ನುತ್ತಿದ್ದರು. ಆ ಒಂದು ಪದಕ್ಕೆ ಉತ್ತರಿಸಹೋಗಿ ಕ್ಯಾಂಟೀನಿನ ಗಂಟೆ ಬಾರಿಸಿದ್ದನ್ನೂ ಕೇಳಿಸಿಕೊಳ್ಳದೆ ನಿಂತವರ ಪಟ್ಟಿ ದೊಡ್ಡದು. ಅದರಲ್ಲಿ ನನ್ನ ಹೆಸರು ಅನೇಕ ಸಲ ಬರುತ್ತದೆ.

ನಾನು ಆ ಕಾರ್ಖಾನೆಯ ಯೋಜನಾ ವಿಭಾಗಕ್ಕೆ ಗುಮಾಸ್ತನಾಗಿ ಸೇರಿದ್ದು ೧೯೭೬ನೆಯ ಇಸವಿ ನವೆಂಬರ್ ೯ನೆಯ ತಾರೀಖು, ಮಂಗಳವಾರ. ಅಂದು ಬೆಳಿಗ್ಗೆಯೇ, ‘ಈ ವಾರದ ಪ್ರೊಡಕ್ಷನ್ ಎಷ್ಟು ಸಾರ್?’ ಎಂದು ವಿನಯದಿಂದ ಕೇಳಿದ ನನಗೆ ದೊರೆತ ಉಪದೇಶವನ್ನು ಇಂದಿಗೂ ಅಕ್ಷರಶಃ ಒಪ್ಪಿಸಬಲ್ಲೆ.

“ನೋಡಿ, ತಗಡು ಕತ್ತರಿಸಿ ಬೆಸುಗೆ ಹಾಕಿದ್ದು ಫ್ಯಾಬ್ರಿಕೇಷನ್. ಬಿಡಿಭಾಗ ಕೂಡಿಸಿದ್ದು ಅಸೆಂಬ್ಲಿ. ಮೆಷೀನು ಒಂದು ಪಾಳಿಯಲ್ಲಿ ಉದುರಿಸಿದ್ದು ಔಟ್‌ಪುಟ್. ಇಷ್ಟೂ ಜನ ಸೇರಿಕೊಂಡು ವರ್ಷವೆಲ್ಲ ನಡೆಸ್ತಿರೋ ಉದ್ಯೋಗಕ್ಕೆ ಮ್ಯಾನುಫ್ಯಾಕ್ಚರ್ ಅಂತ ಹೆಸರು. ಪ್ರೊಡಕ್ಷನ್ ಅನ್ನೋದು ನೀರು ಬಂದಮೇಲೆ. ನಿಮಗೆ ಇದರಲ್ಲಿ ಯಾವುದು ಬೇಕು?”

ನನಗೆ ಬೇಕಾಗಿದ್ದುದು ಒಂದು ಸಂಖ್ಯೆ. ಅದು ದೊರೆತದ್ದು ಗುರುವಾರ.

ಮುಂದೆ ಕಡತಗಳಿಗೆ ಕನ್ನಡ ಬಂದಾಗ ನಮ್ಮ ತೊಂದರೆ ಕಡಿಮೆಯಾದೀತೆಂದು ಆಶಿಸಿದವರು ಮೂಢರು. ಆಡಳಿತ ಕಚೇರಿಯವರು ಎಲ್ಲದಕ್ಕೂ ‘ತಯಾರಿಕೆ’ ಎಂಬ ಒಂದೇ ಪದವನ್ನು ಬಳಸಿ ಸುತ್ತೋಲೆಯೊಂದನ್ನು ಹೊರಡಿಸಿದರು. ಉಪೇಂದ್ರರಾಯರು ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿಯಾದ ತಮ್ಮ ಪೆನ್ಸಿಲಿನಿಂದ ಅದನ್ನು ಹದಿನೇಳು ಕಡೆ ಗುರುತಿಸಿ, ಅಂಚಿನಲ್ಲಿ ‘ಉಪ್ಪಿನಕಾಯಿಯದು ತಯಾರಿಕೆ, ಸೇತುವೆಯದು ನಿರ್ಮಾಣ, ಕೊಳವೆಯ ಭಾಗಗಳದು ಜೋಡಣೆ, ಪಂಪಿನದು ಉತ್ಪಾದನೆ, ದಯವಿಟ್ಟು ಬೆರಸಬಾರದು’ ಎಂದು ದುಂಡಾಗಿ ಬರೆದು ಹಿಂದಿರುಗಿಸಿದರು. ಸುತ್ತೋಲೆಯನ್ನು ಹಿಂದಿರುಗಿಸುವ ಪದ್ಧತಿ ಯಾವ ಕಚೇರಿಯಲ್ಲೂ ಇಲ್ಲವೆಂದು ನಾನು ಹೇಳಿದೆ. ತಪ್ಪಿರುವ ಸುತ್ತೋಲೆಯನ್ನು ಇಟ್ಟುಕೊಳ್ಳುವ ಪದ್ಧತಿ ಎಲ್ಲಿಯದೆಂದು ಅವರು ಕೇಳಿದರು.

ಆಳು ಎತ್ತರವೇನಲ್ಲ. ಆದರೆ ಹಿಮ್ಮಡಿಯನ್ನು ಊರಿ, ಪ್ರತಿ ಹೆಜ್ಜೆಯನ್ನೂ ಹಿಂದಿನ ಹೆಜ್ಜೆಯೊಂದಿಗೆ ತಾಳೆನೋಡಿ ಇಡುತ್ತಿದ್ದಾರೋ ಎಂಬಂತೆ ನಡೆಯುತ್ತಿದ್ದ ಅವರ ನಡಿಗೆಯಿಂದ, ದೂರದಿಂದ ನೋಡಿದವರಿಗೆ ಯಾರೋ ನಿವೇಶನ ಅಳೆಯುತ್ತಿರುವ ಭ್ರಮೆಯುಂಟಾಗುತ್ತಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ತಗಡಿನ ಷೆಡ್ಡು ಕಾದು ಟಣಟಣವೆನ್ನುವಾಗಲೂ, ಕಂದುಬಣ್ಣದ ಉಣ್ಣೆಯ ಕೋಟಿನ ಮೂರು ಗುಂಡಿಗಳನ್ನೂ ಬಿಗಿದುಕೊಂಡಿರುತ್ತಿದ್ದರು. ಚಿಕ್ಕಬಾಣಾವರದ ರೈಲ್ವೆ ನಿಲ್ದಾಣದ ಹಿಂದಣ ಬೀದಿಯಲ್ಲಿ ಅವರ ಮನೆ, ಅಲ್ಲಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ಕೋಟು ಹಾಕಿಕೊಂಡೇ. ಅವರ ಧರ್ಮಪತ್ನಿ ಸುಬ್ಬಲಕ್ಷ್ಮಮ್ಮನವರು ಒಮ್ಮೆ ನನ್ನ ಮುಂದೆ ಎಲೆ ಹಾಸಿ, “ಅಡಿಗೆ ಆಯ್ತು, ಏಳಿ” ಎಂದಾಗ ಈ ಮಹಾನುಭಾವರು, ಅತಿಥಿಯ ಎದುರಿನಲ್ಲಿ, “ಆಯ್ತು ಅಂದರೆ? ಅನ್ನ ಬೆಂದಿದೆಯೋ, ಒಲೆಯಿಂದ ಇಳಿಸಿದ್ದೀಯೋ?” ಎಂದು ಕೇಳಿದರು.

“ನೋಡಿದ್ರಾ,” ಎಂದರು ಆಕೆ ನನ್ನ ಕಡೆ ತಿರುಗಿ, “ಮೂವತ್ತೊಂದು ವರ್ಷದಿಂದ ನಾನು ಈ ಮನೇಲಿ ಅಡಿಗೇನೇ ಮಾಡಿಲ್ಲ ಕಣ್ರೀ. ಇವರು ರುಜು ಹಾಕೋವರೆಗೂ ಅದು ಬರೀ ಅಕ್ಕಿ, ಬೇಳೆ.”

ನಾನು ನಕ್ಕೆ. ರಾಯರು ನಗಲಿಲ್ಲ, ಆ ಮಾತಿನಲ್ಲಿ ಅವರಿಗೆ ತಪ್ಪೇನೂ ಕಂಡಿರಲಿಲ್ಲ.

ಇಂಥ ಮನುಷ್ಯನ ಕೈಗೆ ೧೯೮೩ನೆಯ ಇಸವಿ ಮೇ ೨ನೆಯ ತಾರೀಖು, ಸೋಮವಾರ, ನಮ್ಮ ಕಾರ್ಖಾನೆಯ ಉತ್ಪಾದನಾ ರಿಜಿಸ್ಟರು ಬಂತು. ಅದುವರೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಕೃಷ್ಣಸ್ವಾಮಿ ಎಂಬ ಸಾಧುಗಳು ದಿನಕ್ಕೊಂದು ಸಂಖ್ಯೆ ಬರೆದು, ಕೆಳಗೊಂದು ಗೆರೆಯೆಳೆದು, ಸಂಜೆಯ ಬಸ್ಸಿಗೆ ಹೊರಡುತ್ತಿದ್ದರು. ರಾಯರು ಮೊದಲನೆಯ ದಿನವೇ ಪುಟವನ್ನು ಐದು ಅಂಕಣಗಳಾಗಿ ಸೀಳಿದರು: ಪಂಪಿನ ಸಂಖ್ಯೆ, ಕೂಡಿಸಿದವನ ಹೆಸರು, ಪರೀಕ್ಷೆಯ ವೇಳೆ, ಎಷ್ಟು ಒತ್ತಿಗೆ ಎಷ್ಟು ನೀರು, ತಮ್ಮ ರುಜು. ಷೆಡ್ಡಿನ ಕೊನೆಯಲ್ಲಿದ್ದ ತೊಟ್ಟಿಯ ಮೇಲೆ ಪ್ರತಿಯೊಂದು ಪಂಪನ್ನೂ ನಿಲ್ಲಿಸಿ, ನಲವತ್ತು ಸಲ ಹಿಡಿ ಒತ್ತಿ, ಬಕೆಟಿನ ಒಳಮೈಯಲ್ಲಿ ಕೊರೆದ ಗೆರೆಯನ್ನು ನೀರು ಮುಟ್ಟಿದರೆ ಮಾತ್ರ ಅದು ಅವರ ಲೆಕ್ಕದಲ್ಲಿ ಪಂಪು. ಮುಟ್ಟದಿದ್ದರೆ ಅದು ಹಸಿರು ಬಣ್ಣ ಬಳಿದ ಕಬ್ಬಿಣ.

ಇಲ್ಲಿ ನಮ್ಮ ಕಾರ್ಖಾನೆಯ ಒಂದು ಸಂಪ್ರದಾಯವನ್ನು ಹೇಳಬೇಕು. ಪ್ರತಿ ವರ್ಷವೂ ಮಾರ್ಚ್ ಕೊನೆಯ ವಾರದಲ್ಲಿ ಗುರಿ ಮುಟ್ಟಲು ಕೊರತೆ ಬಿದ್ದಷ್ಟು ಪಂಪುಗಳನ್ನು, ಒಳಗೆ ನೀರೆತ್ತುವ ವಾಷರು ಇರಲಿ ಬಿಡಲಿ, ಬಣ್ಣ ಬಳಿದು ಹಿಂದಣ ಅಂಗಳಕ್ಕೆ ಸಾಗಿಸಿ ಉತ್ಪಾದನೆಯೆಂದು ಬರೆದುಬಿಡುವುದು. ಏಪ್ರಿಲ್ ಮೊದಲ ವಾರದಲ್ಲಿ ಅವನ್ನೇ ಸದ್ದಿಲ್ಲದೆ ಒಳಗೆ ತಂದು, ಬಿಚ್ಚಿ, ಇಲ್ಲದ್ದನ್ನು ಇರಿಸಿ ಮುಚ್ಚುವುದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಯಿತೆಂದು ಕಾರ್ಮಿಕರು ಇದನ್ನು ‘ಕುಲಾವಿ ಲೆಕ್ಕ’ ಎಂದು ಕರೆಯುತ್ತಿದ್ದರು. ಇದರಿಂದ ಯಾರಿಗೂ ಕೆಡುಕಾಗಿರಲಿಲ್ಲ. ಕೂಸು ಒಂದು ವಾರ ತಡವಾಗಿಯಾದರೂ ಹುಟ್ಟುತ್ತಿತ್ತು. ಸುತ್ತಮುತ್ತ ಎಷ್ಟೋ ಕಡೆ ಹೀಗೆಯೇ ನಡೆಯುತ್ತಿತ್ತೆಂದು ಕೇಳಿದ್ದೆ. ನಾನೂ ಏಳು ವರ್ಷ ಆ ಲೆಕ್ಕವನ್ನು ಟೈಪು ಮಾಡಿದ್ದೇನೆ.

೧೯೮೪ರಲ್ಲಿ ಮಾತ್ರ ಆ ಲೆಕ್ಕಕ್ಕೆ ಹದಿನಾರು ಸಂಸಾರಗಳು ತಗುಲಿಕೊಂಡವು.

ನಮ್ಮಲ್ಲಿ ಹದಿನಾರು ಮಂದಿ ತಾತ್ಕಾಲಿಕ ಕೆಲಸಗಾರರಿದ್ದರು. ಎಂಬತ್ತೊಂಬತ್ತು ದಿನ ದುಡಿಸಿಕೊಂಡು, ಒಂದು ದಿನ ಮನೆಗೆ ಕಳುಹಿಸಿ, ಮಾರನೆಯ ದಿನ ಹೊಸಬರೆಂದು ಮತ್ತೆ ಸೇರಿಸಿಕೊಳ್ಳುವ ಕ್ರಮ. ಅವರಲ್ಲಿ ಮುಂದಾಳು ನಲ್ಲಪ್ಪ. ಎಂಟು ವರ್ಷಗಳಿಂದ ಹೀಗೆ ಮೂವತ್ತಕ್ಕೂ ಹೆಚ್ಚು ಸಲ ‘ಹೊಸಬ’ನಾದವನು. ಕೈಗಾರಿಕಾ ಪ್ರದೇಶಕ್ಕೆಂದು ಸರ್ಕಾರ ವಶಪಡಿಸಿಕೊಂಡ ಭೂಮಿಯಲ್ಲಿ ಅವನ ತಂದೆಯ ರಾಗಿಹೊಲವೂ ಸೇರಿತ್ತು. “ನಮ್ಮ ಒಲದ ಮ್ಯಾಲೇ ನಿಂತೈತೆ ಈ ಸೆಡ್ಡು,” ಎನ್ನುತ್ತಿದ್ದ, “ಸೆಡ್ಡು ಪರ್ಮನೆಂಟು, ನಾನು ಟೆಂಪರ್ವರಿ. ಎಂಗೈತೆ ನ್ಯಾಯ?” ಗುಂಪಿನ ಹಿರಿಯ ಪಾಪಯ್ಯ, ಐವತ್ತು ದಾಟಿದವನು, ಅಂಗಳ ಗುಡಿಸಿ ಬಣ್ಣದ ಡಬ್ಬಿಗಳನ್ನು ಹೊತ್ತು ತರುತ್ತಿದ್ದವನು, ಮಾತು ಕಡಿಮೆ.

ಜನವರಿ ೧೬ನೆಯ ತಾರೀಖು, ಸೋಮವಾರ, ನಮ್ಮ ವರ್ಕ್ಸ್ ಮ್ಯಾನೇಜರ್ ಸುಬ್ರಹ್ಮಣ್ಯ ಅವರು ಕ್ಯಾಂಟೀನಿನ ಬೆಂಚಿನ ಮೇಲೆ ನಿಂತು ಘೋಷಿಸಿದರು: ಮಾರ್ಚ್ ೩೧ರೊಳಗೆ ಆ ವರ್ಷದ ಗುರಿಯಾದ ಹನ್ನೆರಡು ಸಾವಿರ ಪಂಪು ಮುಟ್ಟಿಸಿದರೆ ಹದಿನಾರು ಮಂದಿಗೂ ಕಾಯಂ ಆದೇಶ, ಮುಖ್ಯ ಕಚೇರಿ ಒಪ್ಪಿದೆ. ಅಂದಿನಿಂದ ಆ ಷೆಡ್ಡಿನಲ್ಲಿ ನಡೆದ ದುಡಿಮೆಯನ್ನು ನಾನು ಮತ್ತೆ ಕಂಡಿಲ್ಲ. ಊಟಕ್ಕೆ ಕೊಟ್ಟ ಅರ್ಧಗಂಟೆಯಲ್ಲಿ ಹತ್ತು ನಿಮಿಷ ಉಂಡು ಇಪ್ಪತ್ತು ನಿಮಿಷ ಪಂಪು ಕೂಡಿಸಿದರು. ಆದರೂ ಮಾರ್ಚ್ ೩೧ನೆಯ ತಾರೀಖು, ಶನಿವಾರ, ಬೆಳಿಗ್ಗೆ ಎಂಟು ಗಂಟೆಗೆ ರಾಯರ ರಿಜಿಸ್ಟರಿನಲ್ಲಿದ್ದುದು ಹನ್ನೊಂದು ಸಾವಿರದ ಎಂಟುನೂರ ಅರವತ್ತು. ಉಳಿದ ನೂರ ನಲವತ್ತು ಪಂಪುಗಳು ಬಣ್ಣ ಬಳಿಸಿಕೊಂಡು, ಒಳಗೆ ಚರ್ಮದ ವಾಷರಿಲ್ಲದೆ, ಸಾಲಾಗಿ ನಿಂತಿದ್ದವು. ವಾಷರುಗಳ ಪಾರ್ಸೆಲು ಎಲ್ಲಿ ಸಿಕ್ಕಿಕೊಂಡಿದೆಯೆಂದು ಯಾರಿಗೂ ತಿಳಿದಿರಲಿಲ್ಲ.

ಸುಬ್ರಹ್ಮಣ್ಯ ಅವರು ರಾಯರನ್ನು ಕರೆಸಿದರು. ನಾನೂ ಅಲ್ಲಿದ್ದೆ, ಸಂಜೆ ಎಂಟು ಗಂಟೆಯೊಳಗೆ ಮುಖ್ಯ ಕಚೇರಿಗೆ ಟೆಲೆಕ್ಸ್ ಕಳುಹಿಸುವ ಹೊಣೆ ನನ್ನದು.

“ರಾಯರೇ, ಹನ್ನೆರಡು ಸಾವಿರ ಅಂತ ಬರೆದು ಮುಗಿಸಿಬಿಡಿ. ಮಂಗಳವಾರ ವಾಷರ್ ಬಂದ ತಕ್ಷಣ ಹಾಕ್ಬಿಡೋಣ.”

“ಬರೆಯೋಣ ಸಾರ್. ನೂರ ನಲವತ್ತು ಜೋಡಣೆಯಾಗಿದೆ ಅಂತ ಬರೀತೀನಿ. ಅದು ಸತ್ಯ.”

“ಅದಕ್ಕೆ ಕಾಲಂ ಇಲ್ಲವಲ್ರೀ!”

“ಗೆರೆ ಹಾಕ್ತೀನಿ.”

ಸುಬ್ರಹ್ಮಣ್ಯ ಅವರು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಎತ್ತಿ, ಮತ್ತೆ ಇಟ್ಟರು. ಎಸೆಯುವ ಮನಸ್ಸಿತ್ತೆಂದು ನನ್ನ ನಂಬಿಕೆ. “ಹದಿನಾರು ಜನ ರಾಯರೇ. ನಿಮ್ಮ ಒಂದು ರುಜು.”

ಆಗ ರಾಯರು ಕೋಟಿನ ಗುಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಹೇಳಿದ ಮಾತು ಇಷ್ಟೆ: “ವ್ಯಾನ್ ಕೊಡಿಸಿ. ಪಾರ್ಸೆಲ್ ಹುಡುಕಿಕೊಂಡು ಬರ್ತೀನಿ.”

ಹೋದರು. ಯಶವಂತಪುರದ ಲಾರಿ ಪಾರ್ಸೆಲು ಗೋದಾಮುಗಳನ್ನು ಒಂದೊಂದಾಗಿ ಹೊಕ್ಕು ಹೊರಟು, ಐದನೆಯದರಲ್ಲಿ, ಒಣಮೆಣಸಿನಕಾಯಿಯ ಮೂಟೆಗಳ ಅಡಿಯಲ್ಲಿ ನಮ್ಮ ಪೆಟ್ಟಿಗೆಯನ್ನು ಕಂಡುಹಿಡಿದು, ಸೀನುತ್ತ ಸೀನುತ್ತ ಹನ್ನೆರಡೂ ಕಾಲಿಗೆ ಹಿಂದಿರುಗಿದರು. ಷೆಡ್ಡಿನಲ್ಲಿ ಜಯಘೋಷವೆದ್ದಿತು. ನಲ್ಲಪ್ಪ ಪೆಟ್ಟಿಗೆಯನ್ನು ತಾನೇ ಹೆಗಲಿಗೇರಿಸಿಕೊಂಡು, “ರಾಯರು ದ್ಯಾವ್ರು ಕಣ್ರೋ! ಬರ್ರಲಾ, ಕೈ ಆಕ್ರಿ!” ಎಂದು ಕೂಗಿದ. ಎಂಟು ಗಂಟೆಗೆ ಇನ್ನೂ ಏಳೂಮುಕ್ಕಾಲು ಗಂಟೆಯಿತ್ತು. ನೂರ ನಲವತ್ತು ಪಂಪು ಒಂದು ಲೆಕ್ಕವೇ ಅಲ್ಲ. ಮೂರ್ಖನಾದ ನಾನು ‘ಹನ್ನೆರಡು ಸಾವಿರ’ ಎಂದು ಟೆಲೆಕ್ಸಿನ ಕರಡನ್ನು ಬರೆದೂ ಇಟ್ಟೆ.

ದೇವರು ಪೆಟ್ಟಿಗೆಯ ಮೇಲೆ ಕೈಯಿಟ್ಟು, “ಎಣ್ಣೆ,” ಎಂದಿತು.

ಹೊಸ ಚರ್ಮದ ವಾಷರನ್ನು ಎಣ್ಣೆಯಲ್ಲಿ ನಾಲ್ಕು ಗಂಟೆ ನೆನೆಯಿಸಿದ ಮೇಲೆಯೇ ಸಿಲಿಂಡರಿಗೆ ಹಾಕಬೇಕೆಂಬುದು ನಿಯಮ. ನಿಯಮ ಗೋಡೆಯ ಮೇಲೆ ತೂಗುಹಾಕಿದ ಹಲಗೆಯಲ್ಲಿತ್ತು. ಆ ಹಲಗೆಯನ್ನು ರಾಯರ ಹೊರತು ಯಾರೂ ಓದಿರಲಿಲ್ಲ. ಒಣ ವಾಷರೂ ಅಂದಿನ ಮಟ್ಟಿಗೆ ನೀರೆತ್ತುತ್ತದೆ. ಮೂರು ತಿಂಗಳಿಗೆ ಬಿರಿಯುತ್ತದೆ. ಬಿರಿಯುವುದು ಎಲ್ಲಿಯೋ, ಯಾವುದೋ ಊರಿನ ಬಾವಿಕಟ್ಟೆಯಲ್ಲಿ. ನಮ್ಮ ಗುರಿ ಮುಟ್ಟುವುದು ಇಲ್ಲಿ, ಇಂದು. ನಾನು ವಾದಿಸಿದೆ, ಸುಬ್ರಹ್ಮಣ್ಯ ಅವರು ಗದರಿಸಿದರು, ಯೂನಿಯನ್ ಕಾರ್ಯದರ್ಶಿ ಲಕ್ಷ್ಮಣಪ್ಪ ಎರಡು ಕೈಗಳನ್ನೂ ಜೋಡಿಸಿದರು. ರಾಯರು ವಾಷರುಗಳನ್ನು ಎಣ್ಣೆಯ ಬಾಣಲೆಗೆ ಒಂದೊಂದಾಗಿ, ಮಲಗಿದ ಮಕ್ಕಳಿಗೆ ಹೊದಿಸುವಂತೆ, ಇಳಿಬಿಟ್ಟು, ಗಡಿಯಾರ ನೋಡಿ, ‘ಹನ್ನೆರಡು ನಲವತ್ತು’ ಎಂದು ಸೀಮೆಸುಣ್ಣದಲ್ಲಿ ಬಾಣಲೆಯ ಮೇಲೆ ಬರೆದು, ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತರು. ಅರವತ್ತು ಜನ, ಹದಿನಾರು ಮಂದಿಯೂ ಸೇರಿ, ನಾಲ್ಕು ಗಂಟೆಯ ಕಾಲ ಕೈಕಟ್ಟಿ ನಿಂತು ಎಣ್ಣೆಯನ್ನು ನೋಡಿದರು. ಜೀವಮಾನದಲ್ಲಿ ನಾನು ಯಾರ ಮೇಲೂ ಕೈಯೆತ್ತಿದವನಲ್ಲ. ಅಂದು ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ನಾಲ್ಕು ನಲವತ್ತಕ್ಕೆ ಕೆಲಸ ಆರಂಭವಾಯಿತು. ಅವರು ದುಡಿದ ಬಗೆಯನ್ನು ಬಣ್ಣಿಸಲು ನನ್ನಿಂದಾಗದು. ರಾಯರೂ ತೊಟ್ಟಿಯ ಬಳಿ ನಿಂತು, ಅಂದು ಮೊದಲ ಬಾರಿಗೆ ಕೋಟು ಕಳಚಿ, ಬೆವರಿಳಿಯುವಂತೆ ತಾವೇ ಹಿಡಿ ಒತ್ತಿದರು. ಆದರೆ ಪ್ರತಿ ಪಂಪಿಗೂ ನಲವತ್ತು ಒತ್ತು, ಮೂವತ್ತೊಂಬತ್ತಲ್ಲ. ಎಂಟು ಗಂಟೆಗೆ ತೊಂಬತ್ತೇಳು ಮುಗಿದಿದ್ದವು. ನಲವತ್ತಮೂರು ಉಳಿದಿದ್ದವು.

“ರಾಯರೇ,” ಎಂದೆ, “ನಲವತ್ತಮೂರು! ವಾಷರು ಇದೆ, ಎಣ್ಣೆ ಕುಡಿದಿದೆ, ಜನ ಇದ್ದಾರೆ. ಸೋಮವಾರ ಯುಗಾದಿ ರಜ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅವೂ ಆಗಿರುತ್ವೆ.”

“ಹಾಗಾದರೆ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಬರೀತೀನಿ.”

ನಲ್ಲಪ್ಪ ಹತ್ತಿರ ಬಂದು ನಿಂತ. ಅವನ ಬೆರಳುಗಳ ತುದಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು. “ಬುದ್ದೀ, ನೀವು ಬರೆಯೋದು ಒಂದು ಗೀಟು. ನಂಗೆ ಅದು ಎಂಟೊರ್ಸ.”

“ಗೊತ್ತು ನಲ್ಲಪ್ಪ,” ಎಂದರು ರಾಯರು. “ಆಗದೆ ಇದ್ದದ್ದನ್ನ ಆಗಿದೆ ಅಂತ ನಾನು ಬರೆಯೋದಿಲ್ಲ.” ಹಾಗೆಂದು ಹನ್ನೊಂದು ಸಾವಿರದ ಒಂಬೈನೂರ ಐವತ್ತೇಳು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ರುಜು ಹಾಕಿದರು. ನಾನು ಕರಡನ್ನು ಹರಿದು ಬೇರೆ ಬರೆದೆ.

ಆದೇಶ ಬರಲಿಲ್ಲ. ಯುಗಾದಿ ಕಳೆದು ಮಂಗಳವಾರ ಕಾರ್ಖಾನೆ ತೆರೆದಾಗ ನಲ್ಲಪ್ಪ ಗೇಟಿನಲ್ಲಿಯೇ ಎಲ್ಲರಿಗೂ ಕೇಳುವಂತೆ ಅಂದ: “ಈ ಸಲ ನಮ್ಗೆ ಬರೀ ಬೇವು ಕಣ್ರಪ್ಪ. ಬೆಲ್ಲವ ರಾಯರು ಎಣ್ಣೇಲಿ ನೆನೆ ಆಕವ್ರೆ.” ಅಂದಿನಿಂದ ರಾಯರ ನಮಸ್ಕಾರಕ್ಕೆ ಯಾರೂ ಪ್ರತಿ ನಮಸ್ಕಾರ ಮಾಡಲಿಲ್ಲ. ಕ್ಯಾಂಟೀನಿನ ಲಕ್ಷ್ಮಮ್ಮ ಎಲ್ಲರಿಗೂ ಕೊಟ್ಟು, ತಳದಲ್ಲಿ ಉಳಿದ ಕಾಫಿಯನ್ನು ಅವರ ಲೋಟಕ್ಕೆ ಹೊಯ್ಯುತ್ತಿದ್ದಳು. ರಾಯರು ಅದನ್ನು ಕುಡಿದು, “ಆರಿದೆ” ಎಂದು ಯಥಾರ್ಥವನ್ನು ನುಡಿದು ಹೊರಡುತ್ತಿದ್ದರು. ನಾನೂ ಎರಡು ತಿಂಗಳು ಅವರೊಡನೆ ಮಾತು ಬಿಟ್ಟಿದ್ದೆ. ಅವರಿಗದು ತಿಳಿಯಿತೋ ಇಲ್ಲವೋ, ಅದೂ ನನಗೆ ತಿಳಿಯಲಿಲ್ಲ. ಅದರಿಂದ ನನ್ನ ಸಿಟ್ಟು ಇಮ್ಮಡಿಯಾಯಿತು.

ಜೂನ್ ತಿಂಗಳಲ್ಲಿ ಆಡಳಿತದವರು ಹದಿನಾರು ಮಂದಿಯನ್ನೂ ಎಂಬತ್ತೊಂಬತ್ತನೆಯ ದಿನ ಮನೆಗೆ ಕಳುಹಿಸಿ, ತೊಂಬತ್ತೊಂದನೆಯ ದಿನ ಕರೆಯಲಿಲ್ಲ. ಯೂನಿಯನ್ನಿನವರು ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ಇವರು ಸಾಮಾನು ಹೊರುವ, ಕಸ ಗುಡಿಸುವ ಹೊರಗಿನ ಆಳುಗಳು, ಪಂಪಿನ ಉತ್ಪಾದನೆಗೂ ಇವರಿಗೂ ಸಂಬಂಧವಿಲ್ಲ, ಆದ್ದರಿಂದ ಕಾಯಂ ಮಾಡುವ ಹೊಣೆಯಿಲ್ಲ ಎಂಬುದು ಆಡಳಿತದ ವಾದ. ಅಲ್ಲವೆಂದು ತೋರಿಸಲು ಈ ಹದಿನಾರು ಮಂದಿಯ ಬಳಿ ಒಂದು ಚೀಟಿಯೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿಯೂ ಅವರ ಕೆಲಸವೇನೆಂಬುದು ನಮೂದಾಗಿರಲಿಲ್ಲ. ಇದ್ದದ್ದು ಒಂದೇ: ‘ಕೂಡಿಸಿದವನ ಹೆಸರು’ ಎಂಬ ಅಂಕಣ. ರಿಜಿಸ್ಟರಿನೊಡನೆ ರಾಯರನ್ನು ಸಾಕ್ಷಿಗೆ ಕರೆಯಬೇಕೆಂದು ಅರ್ಜಿ ಬರೆಯುವಾಗ ಲಕ್ಷ್ಮಣಪ್ಪನವರು ತಲೆ ಕೆರೆದುಕೊಂಡರು. “ಈ ಯಪ್ಪ ಅಲ್ಲಿ ಬಂದು ಏನ್ ಹೇಳ್ತಾನೋ ಗುರು!”

ವಿಚಾರಣೆ ನಡೆದದ್ದು ಇಲಾಖೆಯ ಕಚೇರಿಯಲ್ಲಿ, ಸೆಪ್ಟೆಂಬರ್ ೧೯ನೆಯ ತಾರೀಖು, ಬುಧವಾರ, ಹನ್ನೊಂದು ಗಂಟೆಗೆ. ನಾನೂ ರಜ ಹಾಕಿ ಯೂನಿಯನ್ನಿನವರ ಬೆಂಚಿನಲ್ಲಿ ಕುಳಿತಿದ್ದೆ. ಸಂಧಾನಾಧಿಕಾರಿಗಳು ಸತ್ಯವತಿ ಎಂಬ ಮಧ್ಯವಯಸ್ಸಿನ ಮಹಿಳೆ. ದಪ್ಪ ಕನ್ನಡಕ, ಮಿತವಾದ ಮಾತು. ಕಂಪನಿಯ ಪರವಾಗಿ ಬಂದಿದ್ದ ಅಧಿಕಾರಿ ಎದ್ದು ನಿಂತು, ಈ ಹೆಸರುಗಳನ್ನು ಕಾರ್ಮಿಕರ ಒತ್ತಡಕ್ಕೆ ಮಣಿದು ಬರೆದಿರಬಹುದು, ರಿಜಿಸ್ಟರಿನ ಈ ಅಂಕಣ ಯಾವ ನಿಯಮದಲ್ಲೂ ಇಲ್ಲ ಎಂದರು. ಆಕೆ ಪುಟಗಳನ್ನು ಮಗುಚುತ್ತ ಮಾರ್ಚ್ ೩೧ಕ್ಕೆ ಬಂದು ನಿಂತರು. ಆ ದಿನದ ಕಥೆಯನ್ನು ಲಕ್ಷ್ಮಣಪ್ಪ ಮೊದಲೇ ದೂರಿನಲ್ಲಿ ಬರೆದಿದ್ದರು.

“ಇಲ್ಲಿ ನಲವತ್ತಮೂರು ಕಡಿಮೆ ಬರ್ದಿದೀರಿ. ಇದನ್ನ ತುಂಬಿಸಿ ಬರೀರಿ ಅಂತ ನಿಮ್ಮನ್ನ ಯಾರೂ ಕೇಳಲಿಲ್ವೆ?”

“ಎಲ್ಲರೂ ಕೇಳಿದರು.”

“ಕೆಲಸಗಾರರೂನಾ?”

“ಅವರು ಕೈ ಮುಗಿದು ಕೇಳಿದರು.”

“ಬರೆದಿದ್ರೆ ನಿಮಗೇನಾಗ್ತಿತ್ತು?”

“ಏನೂ ಆಗುತ್ತಿರಲಿಲ್ಲ. ಪಂಪೂ ಆಗುತ್ತಿರಲಿಲ್ಲ.”

ಆಕೆ ಕನ್ನಡಕ ತೆಗೆದು ಒರೆಸಿಕೊಂಡು, ಕಂಪನಿಯ ಅಧಿಕಾರಿಯ ಕಡೆ ತಿರುಗಿ, “ಈ ಮನುಷ್ಯ ಒತ್ತಡಕ್ಕೆ ಬರೆದ ಅಂತೀರಾ?” ಎಂದರು. ಅಷ್ಟರಲ್ಲಿ ಮೊಕದ್ದಮೆ ಮುಗಿದಿತ್ತೆಂದು ಹೇಳಬಹುದು. ನಮ್ಮ ಬೆಂಚಿನಲ್ಲಿ ನಲ್ಲಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಉಳಿದದ್ದು ಬರಿಯ ವಿಧಿ: ಆಕೆ ದೂರಿನಲ್ಲಿದ್ದ ಹದಿನಾರು ಹೆಸರುಗಳನ್ನು ಒಂದೊಂದಾಗಿ ಓದುವುದು, ರಾಯರು ಹೌದು, ಇವನು ಪಂಪು ಮಾಡಿದವನು ಎನ್ನುವುದು. ನಲ್ಲಪ್ಪ? ಹೌದು. ರಾಮಾಂಜಿನಪ್ಪ? ಹೌದು. ಚಿಕ್ಕಬೈರಪ್ಪ? ಹೌದು. ಹದಿನೈದು ‘ಹೌದು’ಗಳಾದವು.

“ಪಾಪಯ್ಯ?”

ರಾಯರು ತಡೆದರು. ಲಕ್ಷ್ಮಣಪ್ಪ ನನ್ನ ತೊಡೆಯನ್ನು ಹಿಡಿದುಕೊಂಡರು.

“ಅಂಗಳ ಗುಡಿಸುತ್ತಾನೆ. ಬಣ್ಣದ ಡಬ್ಬಿ ಹೊರುತ್ತಾನೆ. ಬಹಳ ಚೆನ್ನಾಗಿ ಗುಡಿಸುತ್ತಾನೆ.”

“ಪಂಪು ಮಾಡಿದಾನೋ?”

“ಇಲ್ಲ.”

ಇನ್ನೊಂದು ಸಲ ‘ಹೌದು’ ಎಂದು ನುಡಿದಿದ್ದರೆ ಆಕಾಶ ಕಳಚಿ ಬೀಳುತ್ತಿತ್ತೆ? ರಿಜಿಸ್ಟರಿನ ಸಾವಿರಾರು ಸಾಲುಗಳಲ್ಲಿ ಒಂದು ಹೆಸರನ್ನು ಅಲ್ಲಿ ಯಾರು ಹುಡುಕುವವರಿದ್ದರು? ಹದಿನೈದು ನಿಜಗಳ ಬೆನ್ನಿಗೆ ಒಂದು ದಯೆಯನ್ನು ಕಟ್ಟಿ ಕಳುಹಿಸಲು ಈ ಮನುಷ್ಯನಿಗೆ ನಾಲಗೆ ಬಾರದಿದ್ದುದನ್ನು ನೆನೆದರೆ ಇಂದಿಗೂ ನನಗೆ ರಕ್ತ ತಲೆಗೇರುತ್ತದೆ. ಪಾಪಯ್ಯ ನಮ್ಮ ಹಿಂದಿನ ಬೆಂಚಿನಲ್ಲಿ, ಮಡಿಸಿದ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಆಕೆ ಬರೆದುಕೊಂಡರು. ಡಿಸೆಂಬರ್ ೧ನೆಯ ತಾರೀಖಿನಿಂದ ಜಾರಿಯಾಗುವಂತೆ ಹದಿನೈದು ಕಾಯಂ ಆದೇಶಗಳು ಬಂದವು.

ಆದರೆ ನಾನು ಹೇಳಬೇಕೆಂದದ್ದು ಆದೇಶದ ವಿಷಯವಲ್ಲ. ಅಂದು ವಿಚಾರಣೆ ಮುಗಿಸಿ ನಾವೆಲ್ಲರೂ ಮೆಜೆಸ್ಟಿಕ್ಕಿನಲ್ಲಿ ಪೀಣ್ಯದ ಬಸ್ಸಿಗಾಗಿ ಕಾಯುತ್ತಿದ್ದೆವು. ಹದಿನೈದು ಮಂದಿ ಒಂದು ಕಡೆ ಕಡಲೆಕಾಯಿ ಹಂಚಿಕೊಂಡು ಗಲಾಟೆ ಮಾಡುತ್ತಿದ್ದರು. ಆರು ತಿಂಗಳ ಮೌನವನ್ನು ಮುರಿದು ನಲ್ಲಪ್ಪ ಬಂದು, “ಬುದ್ದೀ, ನಿಮ್ಮನ್ನ ಬೈದಿದ್ದೆಲ್ಲ ವಾಪಸ್ ತಗಂಡೆ, ಅರ್ಧ ಮಾತ್ರ ಮಡಿಕ್ಕಂಡಿವ್ನಿ,” ಎಂದು ರಾಯರ ಕೈಗೆ ಒಂದು ಹಿಡಿ ಕಡಲೆಕಾಯಿ ಸುರಿದು ಹೋದ. ಆಮೇಲೆ ಪಾಪಯ್ಯ ಬಂದ. ಅವನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ನೀವು ಸುಳ್ಳು ಯೋಳ್ನಿಲ್ಲ ಬುಡಿ ಸಾಮಿ. ನಾನು ಪಂಪು ಮುಟ್ಟಿಲ್ಲ,” ಎಂದ. “ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಕಬ್ಬಿಣದ ಪುಡೀನ ನಾನು ದಿನಾ ಗುಡಿಸ್ದೆ ಬಿಟ್ಟಿದ್ರೆ, ಅದು ಆ ಚರ್ಮದ ಒಳಕ್ಕೆ ಓಗ್ತಿತ್ತೋ ಇಲ್ವೋ? ಆಗ ನಿಮ್ಮ ಬಕೀಟಿಗೆ ನೀರು ಬರ್ತಿತ್ತಾ?”

ರಾಯರು ಕಡಲೆಕಾಯಿ ಹಿಡಿದ ಕೈಯನ್ನು ಹಾಗೆಯೇ ಚಾಚಿ ನಿಂತರು. ಬಸ್ಸು ಬಂತು, ಎಲ್ಲರೂ ಹತ್ತಿದರು, ನಾನು ಬಾಗಿಲಿನಿಂದ ಕೂಗಿದೆ. ಅವರು ಹತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು ಒಂದು ಹಾಳೆಯನ್ನಿಟ್ಟರು. ಸಂಧಾನಾಧಿಕಾರಿಗಳಿಗೆ ಬರೆದ ಪತ್ರ. ‘ದಿನಾಂಕ ೧೯-೯-೧೯೮೪ರಂದು ನಾನು ನೀಡಿದ ಹೇಳಿಕೆಯಲ್ಲಿ ಸಂಗತಿ ಸರಿಯಾಗಿದ್ದರೂ ಉತ್ಪಾದನೆಯೆಂಬುದಕ್ಕೆ ನಾನು ಇಟ್ಟುಕೊಂಡಿದ್ದ ಲಕ್ಷಣವೇ ಅಸಮರ್ಪಕವಾಗಿತ್ತು. ಜೋಡಣೆಯ ಸ್ಥಳವನ್ನು ಶುಚಿಯಾಗಿಡುವುದು ಉತ್ಪಾದನೆಯ ಅಂಗವೆಂಬುದನ್ನು ನಾನು ಮೂವತ್ತು ವರ್ಷ ಗಮನಿಸಿರಲಿಲ್ಲ. ಈ ಲೋಪ ನನ್ನದು, ಪಾಪಯ್ಯನದಲ್ಲ.’ ನಾನು ಟೈಪು ಮಾಡಿದೆ. ‘ಅಂಗ’ ಎಂಬುದನ್ನು ‘ಅವಿಭಾಜ್ಯ ಅಂಗ’ ಎಂದು ತಿದ್ದಿ ತಂದರು, ಮತ್ತೆ ಮಾಡಿದೆ. ಮಧ್ಯಾಹ್ನ ‘ಅವಿಭಾಜ್ಯ’ ಅತಿಯಾಯಿತೆಂದು ಹೊಡೆದುಹಾಕಿ ತಂದರು. ನಾಲ್ಕನೆಯ ಸಲ ನಾನು ಯಂತ್ರದ ಮೇಲೆ ತಲೆಯಿಟ್ಟುಬಿಟ್ಟೆ. “ಸುಸ್ತಾಯಿತೆ?” ಎಂದು ಕೇಳಿ, ಒಂದು ಅಲ್ಪವಿರಾಮವನ್ನು ಸೇರಿಸಿದರು.

ಹೀಗೆ ಏಳು ಪತ್ರಗಳು ಹೋದವು. ಮುಗಿದ ವಿಚಾರಣೆಯನ್ನು ತೆರೆಯಲು ಬರುವುದಿಲ್ಲವೆಂದು ಆರಕ್ಕೆ ಉತ್ತರ ಬಂತು, ಏಳನೆಯದಕ್ಕೆ ಬರಲಿಲ್ಲ. ೧೯೮೫ನೆಯ ಇಸವಿ ಆಗಸ್ಟ್ ೩೧ನೆಯ ತಾರೀಖು ರಾಯರು ನಿವೃತ್ತರಾದರು. ಪಾಪಯ್ಯ ಗುತ್ತಿಗೆದಾರನೊಬ್ಬನ ಕೈಕೆಳಗೆ ಅದೇ ಅಂಗಳವನ್ನು ಇನ್ನೂ ಎರಡು ವರ್ಷ ಗುಡಿಸಿ, ೧೯೮೭ರ ದೀಪಾವಳಿಯ ಹೊತ್ತಿಗೆ ಬಿಟ್ಟುಹೋದ. ರಾಯರು ಬರೆದ ಯಾವ ಪತ್ರದಿಂದಲೂ ಅವನಿಗೆ ಕವಡೆಯಷ್ಟು ಪ್ರಯೋಜನವಾಗಲಿಲ್ಲವೆಂಬುದನ್ನು ನಾನು ಸ್ಪಷ್ಟವಾಗಿ ದಾಖಲಿಸಬಯಸುತ್ತೇನೆ, ಏಕೆಂದರೆ ರಾಯರೂ ಹಾಗೆಯೇ ದಾಖಲಿಸುತ್ತಿದ್ದರು.

ಇಂಥ ಜಾತಿಯವರು ಪ್ರತಿಯೊಂದು ಕಾರ್ಖಾನೆಯಲ್ಲಿ, ಕಚೇರಿಯಲ್ಲಿ, ಬಹುಶಃ ಪ್ರತಿಯೊಂದು ಮನೆಯಲ್ಲಿಯೂ ಒಬ್ಬೊಬ್ಬರಂತೆ ಇರುತ್ತಾರೆ. ಅವರೊಡನೆ ಬಾಳುವುದು ಕಷ್ಟ. ಅವರ ಕಾರಣದಿಂದ ಕಳೆದುಹೋದ ಹೊತ್ತನ್ನೂ ಕೈತಪ್ಪಿದ ಭಾಗ್ಯವನ್ನೂ ಯಾವ ಸದ್ಗುಣವೂ ತುಂಬಿಕೊಡಲಾರದು. ನ್ಯಾಯಸ್ಥಾನಕ್ಕೆ ಸಾಕ್ಷಿ ಬೇಕಾದ ದಿನ ಮಾತ್ರ ನಾವು ಅವರ ಮನೆಯ ಬಾಗಿಲು ತಟ್ಟುತ್ತೇವೆ, ಮರುದಿನ ಮತ್ತೆ ಶಪಿಸುತ್ತೇವೆ. ಅವರು ಎಂದೂ ತಪ್ಪದವರೆಂದು ತಿಳಿದು ನಾವು ಅವರನ್ನು ಸಹಿಸಲಾರದೆ ಹೋಗುತ್ತೇವೆ. ನಿಜವಾಗಿ ಅವರೂ ತಪ್ಪುತ್ತಾರೆ, ಅದೂ ಎಲ್ಲರಿಗಿಂತ ದುಬಾರಿಯಾಗಿ, ಏಕೆಂದರೆ ಅವರ ತಪ್ಪು ಅಳತೆಯಲ್ಲಿರದೆ ಅಳತೆಗೋಲಿನಲ್ಲಿಯೇ ಇರುತ್ತದೆ. ಆದರೆ ಉಳಿದ ನಾವು ನಮ್ಮ ಕೋಲು ಗಿಡ್ಡವೆಂದು ತಿಳಿದ ದಿನ ಅದನ್ನು ಮೆಲ್ಲಗೆ ಬಚ್ಚಿಟ್ಟುಕೊಂಡು ಅಳೆಯುವುದನ್ನೇ ಬಿಡುತ್ತೇವೆ. ಅವರು, ಐವತ್ತೇಳನೆಯ ವಯಸ್ಸಿನಲ್ಲಿ, ಯಾರೂ ಕೇಳದಿದ್ದರೂ, ಯಾರಿಗೂ ಉಪಯೋಗವಾಗದಿದ್ದರೂ, ಅದು ಗಿಡ್ಡವೆಂದು ನಾಲ್ಕು ಪ್ರತಿಗಳಲ್ಲಿ ಟೈಪು ಮಾಡಿಸಿ, ಕೆಳಗೆ ತಮ್ಮ ರುಜು ಹಾಕಿ, ತಾರೀಖು ಬರೆಯುತ್ತಾರೆ.